ಒಬ್ಬನೇ ಗೊಳ್ಳೆಂದು ನಗಲಾರ

ಕನ್ನಡದಲ್ಲಿ ಒಬ್ಬನೇ ‘ಗೊಳ್’ ಎಂದು ನಗಲಾರ. ಅದಕ್ಕೆ ಒಂದು ತರಗತಿ ಬೇಕು, ಇಲ್ಲವೇ ಒಂದು ಬಸ್ಸು, ಒಂದು ಮದುವೆಯೂಟದ ಪಂಕ್ತಿ. ‘ಕಿಸಕ್’ ಎನ್ನುವುದಕ್ಕೆ ಒಬ್ಬರೇ ಸಾಕು. ಆದರೆ ಆ ನಗು ಬರಬಾರದ ಜಾಗದಲ್ಲಿ ಬಂದಿರಬೇಕು, ಅದುಮಿ ಹಿಡಿದರೂ ತುಟಿ ದಾಟಿರಬೇಕು. ‘ಮುಸಿಮುಸಿ’ ನಗುವವರ ಕೈ ಬಾಯಿಯ ಮೇಲಿರುತ್ತದೆ, ಎದುರಿಗಿರುವವರ ಗುಟ್ಟೊಂದು ಅವರಿಗೆ ಗೊತ್ತಿರುತ್ತದೆ. ‘ಕಿಲಕಿಲ’ ಮಕ್ಕಳದ್ದು, ಎಳೆಯ ಹುಡುಗಿಯರದ್ದು. ಅರವತ್ತು ದಾಟಿದ ಶಾನುಭೋಗರನ್ನು ಕಿಲಕಿಲ ನಗಿಸಿದರೆ ಓದುಗ ಅಲ್ಲಿಗೇ ಪುಸ್ತಕ ಮುಚ್ಚುತ್ತಾನೆ. ‘ಗಹಗಹಿಸಿ’ ನಗುವವನಿಗೆ ಹೇಳದಿದ್ದರೂ ಮೀಸೆ ಬಂದುಬಿಡುತ್ತದೆ. ಬಯಲಾಟದ ರಕ್ಕಸನಿಂದ ಸಿನಿಮಾದ ಖಳನವರೆಗೆ ಆ ನಗು ಕೈಯಿಂದ ಕೈಗೆ ಬಂದಿದೆ. ‘ಪಕಪಕ’ದಲ್ಲಿ ಕಪಟವಿಲ್ಲ. ಹಲ್ಲು ಕಿರಿಯುವುದರಲ್ಲಿ ಸದ್ದೂ ಇಲ್ಲ, ಮರ್ಯಾದೆಯೂ ಇಲ್ಲ.

ಇದನ್ನೆಲ್ಲ ಯಾವ ಮೇಷ್ಟರೂ ಹಲಗೆಯ ಮೇಲೆ ಬರೆದು ಕಲಿಸಿದ್ದಲ್ಲ. ಆದರೂ ಜಾಗ ತಪ್ಪಿದರೆ ಕಿವಿಗೆ ತಟ್ಟನೆ ಗೊತ್ತಾಗುತ್ತದೆ. ನಗುವ ವ್ಯಕ್ತಿಯ ವಯಸ್ಸು, ಜೊತೆಗಿರುವವರ ಸಂಖ್ಯೆ, ಅವರವರ ನಡುವಿನ ಸಲಿಗೆ, ಆ ಹೊತ್ತಿನ ಸಂಕೋಚ, ಇಷ್ಟೂ ಒಂದೇ ಪದದೊಳಗೆ ಅಡಗಿ ಕೂತಿರುತ್ತವೆ. ಕಥೆ ಬರೆಯುವವರಿಗೆ ನಮ್ಮ ಭಾಷೆ ಕೊಟ್ಟಿರುವ ದೊಡ್ಡ ಆಸ್ತಿಗಳಲ್ಲಿ ಇದೂ ಒಂದು. ಆಸ್ತಿ ಇದ್ದೂ ಬಳಸದವರು ಹೆಚ್ಚಾಗುತ್ತಿದ್ದಾರೆ ಎಂಬ ಸಂಕಟದಿಂದ ಈ ಮಾತು. ಈಚಿನ ಎಷ್ಟೋ ಕಥೆಗಳಲ್ಲಿ ಪಾತ್ರಗಳ ಬಾಯಿಂದ ಮಾತು ಬಿಟ್ಟರೆ ಹೊರಡುವುದು ಮೂರೇ: ‘ಮುಗುಳ್ನಕ್ಕಳು’, ‘ಬಿಕ್ಕಿ ಬಿಕ್ಕಿ ಅತ್ತಳು’, ‘ನಿಟ್ಟುಸಿರು ಬಿಟ್ಟನು’. ಕೆಮ್ಮುವವರಿಲ್ಲ, ಗೊಣಗುವವರಿಲ್ಲ, ಲೊಚಗುಟ್ಟುವವರಿಲ್ಲ, ಊಟ ಮಾಡುವಾಗ ಸೊರ್ರೆಂದು ಸಾರು ಹೀರುವವರೂ ಇಲ್ಲ.

ನಮ್ಮಲ್ಲಿ ಸದ್ದು ಮಾಡುವುದೆಲ್ಲ ಮಾತಾಡುತ್ತದೆ. ಬಾಗಿಲು ‘ಕಿರ್’ ಅನ್ನುತ್ತದೆ, ಒಗ್ಗರಣೆ ‘ಚುಂಯ್’ ಅನ್ನುತ್ತದೆ, ಹೆದರಿದ ಎದೆ ‘ಝಲ್’ ಅನ್ನುತ್ತದೆ, ತಲೆ ‘ಧಿಂ’ ಅನ್ನುತ್ತದೆ. ‘ನಾಳೆ ಬರ್ತೀನಿ’ ಅಂದ ಮನುಷ್ಯನಿಗೂ ‘ಸುಂಯ್’ ಅಂದ ಗಾಳಿಗೂ ಕ್ರಿಯಾಪದ ಒಂದೇ. ಅಷ್ಟಕ್ಕೇ ನಿಲ್ಲುವುದಿಲ್ಲ. ಮೂಗಿಗೆ ಬಡಿದ ಮಲ್ಲಿಗೆ ‘ಘಮ್’ ಅನ್ನುತ್ತದೆ, ಚಳಿಗೆ ಮೈ ‘ಜುಮ್’ ಅನ್ನುತ್ತದೆ, ಕತ್ತಲೆ ‘ಗವ್’ ಅನ್ನುತ್ತದೆ. ಮಗಳನ್ನು ಗಂಡನ ಮನೆಗೆ ಕಳಿಸಿ ಹಿಂತಿರುಗಿದವರ ಮನೆ ‘ಬಿಕೋ’ ಅನ್ನುತ್ತದೆ. ಅಲ್ಲಿ ಸದ್ದೇ ಇಲ್ಲ, ಇಲ್ಲದ ಸದ್ದಿಗೂ ಕನ್ನಡ ಬಾಯಿ ಕೊಟ್ಟಿದೆ. ಇಂಥ ಭಾಷೆಯಲ್ಲಿ ಬರೆಯುವವನಿಗೆ ಮನೆ, ಗಾಳಿ, ಪಾತ್ರೆ, ಮೈ ಎಲ್ಲವೂ ಪಾತ್ರಗಳೇ. ಅವನ್ನು ಮಾತಾಡಿಸಲು ಬೇರೆ ಅಲಂಕಾರ ಹೂಡಬೇಕಾಗಿಲ್ಲ.

ವ್ಯಾಕರಣಕಾರರು ಈ ಸದ್ದಿನ ಪದಗಳಿಗೆ ಅನುಕರಣಾವ್ಯಯ ಎಂದು ಹೆಸರಿಟ್ಟು ಅವ್ಯಯಗಳ ಸಾಲಿನಲ್ಲಿ ಕೂರಿಸಿದರು. ಮಂಗಳೂರಿನ ಬಾಸೆಲ್ ಮಿಷನ್ನಿನ ಮುದ್ರಣಾಲಯದಿಂದ 1894ರಲ್ಲಿ ಹೊರಬಂದ ಫರ್ಡಿನಾಂಡ್ ಕಿಟೆಲ್ಲರ ಕನ್ನಡ–ಇಂಗ್ಲಿಷ್ ನಿಘಂಟನ್ನು ತಿರುವಿ ಹಾಕಿದರೆ, ಇದು ಸದ್ದಿನ ಅನುಕರಣೆ ಎಂಬ ಟಿಪ್ಪಣಿ ಮತ್ತೆ ಮತ್ತೆ ಎದುರಾಗುತ್ತದೆ. ಕೊಡವ, ತೋಡ, ಕೋಲಾಮಿ ಭಾಷೆಗಳ ಮೇಲೆ ಜೀವಮಾನ ಕಳೆದ ಮರ್ರೆ ಎಮಿನೋ 1969ರ ಒಂದು ಪ್ರಬಂಧದಲ್ಲಿ, ಇಂಥ ಪದಗಳು ಭಾರತದ ಬೇರೆ ಬೇರೆ ಭಾಷಾಕುಟುಂಬಗಳಿಗೆ ಹಂಚಿಹೋಗಿರುವ ಲಕ್ಷಣ ಎಂದು ತೋರಿಸಿದರು. ಆರ್ಯ, ದ್ರಾವಿಡ ಎಂಬ ಗಡಿಯನ್ನು ಸದ್ದು ಲೆಕ್ಕಿಸಲಿಲ್ಲ ಎಂದಾಯಿತು.

ಈ ಪದಗಳಿಗೆ ತಮ್ಮದೇ ಕಾಲಜ್ಞಾನವಿದೆ. ಸೌದೆ ‘ಚಟಚಟ’ ಉರಿಯುತ್ತದೆ: ಸದ್ದು ನಡೆಯುತ್ತಲೇ ಇದೆ. ಕಡ್ಡಿ ‘ಚಟ್ಟನೆ’ ಮುರಿಯುತ್ತದೆ: ಒಮ್ಮೆ ಆಯಿತು, ಮುಗಿಯಿತು. ಕೆನ್ನೆಗೆ ‘ಛಟೀರ್’ ಎಂದು ಬಿದ್ದರೆ ಪೆಟ್ಟು ಮುಗಿದರೂ ಸದ್ದು ಕೋಣೆಯಲ್ಲಿ ಉಳಿದಿದೆ. ಸಾಸಿವೆ ‘ಚಿಟಪಟ’ ಎಂದರೆ ಒಂದು ಕಾಳಿನದು ಇನ್ನೊಂದರಂತಿಲ್ಲ. ಒಂದೇ ಬೇರಿನಿಂದ ನಾಲ್ಕು ಬಗೆಯ ಹೊತ್ತು ಹುಟ್ಟಿತು. ಸ್ವರ ಬದಲಾದರೆ ಗಾತ್ರವೂ ಬದಲಾಗುತ್ತದೆ. ಕರುವಿನ ಕೊರಳ ಪುಟ್ಟ ಗಂಟೆ ‘ಕಿಣಿಕಿಣಿ’, ಪೂಜೆಯ ಗಂಟೆ ‘ಗಣಗಣ’, ಶಾಲೆಯ ಕಬ್ಬಿಣದ ಪಟ್ಟಿ ‘ಢಣ್’. ‘ಇ’ಕಾರ ಸಣ್ಣದಕ್ಕೆ, ‘ಅ’ಕಾರ ದೊಡ್ಡದಕ್ಕೆ. ಇದು ನಮ್ಮೊಬ್ಬರ ಕಿವಿಯ ಗುಣವಲ್ಲ. 1929ರಲ್ಲಿ ಅಮೆರಿಕದ ಭಾಷಾವಿಜ್ಞಾನಿ ಎಡ್ವರ್ಡ್ ಸಪೀರ್ ‘ಮಿಲ್’, ‘ಮಲ್’ ಎಂಬ ಅರ್ಥವಿಲ್ಲದ ಎರಡು ಪದ ಕೊಟ್ಟು, ಇವು ಎರಡು ಮೇಜುಗಳ ಹೆಸರು, ಯಾವುದು ದೊಡ್ಡದು ಎಂದು ಕೇಳಿದ್ದರು. ಬಹುಪಾಲು ಜನ ‘ಮಲ್’ ಎಂದರು.

ಕಥೆಗಾರನಿಗೆ ಇದರಿಂದ ಏನು ಉಪಯೋಗ? ಬಹಳ ಇದೆ. ‘ಅವಳು ಕೋಪದಿಂದ ಪಾತ್ರೆ ಇಟ್ಟಳು’ ಎಂದು ಬರೆದಾಗ ಕೋಪವನ್ನು ಲೇಖಕ ಹೇಳುತ್ತಿದ್ದಾನೆ. ‘ಪಾತ್ರೆ ಠಣ್ ಅಂತು’ ಎಂದರೆ ಕೋಪ ಪಾತ್ರೆಯದಾಗುತ್ತದೆ. ಪಕ್ಕದ ಕೋಣೆಯಲ್ಲಿ ಪೇಪರು ಹಿಡಿದು ಕೂತ ಗಂಡನ ಕಿವಿಯೂ ನಮ್ಮ ಕಿವಿಯೂ ಒಂದೇ ಆಗುತ್ತದೆ. ಅವನು ಪುಟ ತಿರುವುವುದನ್ನು ನಿಲ್ಲಿಸಿದ ಎಂದು ಮುಂದಿನ ವಾಕ್ಯ ಬರೆದರೆ ಜಗಳ ಅರ್ಧ ಆದಂತೆ.

ಕಷ್ಟ ಶುರುವಾಗುವುದು ಅಕ್ಷರಕ್ಕೆ ಸಿಗದ ಸದ್ದುಗಳಲ್ಲಿ. ಸಾವಿನ ಸುದ್ದಿ ಕೇಳಿದ ಹೆಂಗಸು ನಾಲಗೆಯನ್ನು ಹಲ್ಲಿನ ಹಿಂದೆ ಒತ್ತಿ ಸೆಳೆಯುವ ಸದ್ದು. ಗಾಡಿ ಹೊಡೆಯುವವನು ಎತ್ತಿಗಾಗಿ ದವಡೆಯ ಪಕ್ಕದಲ್ಲಿ ನಾಲಗೆ ಎಳೆದು ಮಾಡುವ ಸದ್ದು. ಮೆಣಸಿನಕಾಯಿ ಕಚ್ಚಿದಾಗ ಉಸಿರು ಒಳಗೆಳೆಯುವ ಸದ್ದು. ನಮ್ಮ ಅಕ್ಷರಗಳೆಲ್ಲ ಉಸಿರು ಹೊರಗೆ ಹೋಗುವಾಗ ಹುಟ್ಟಿದವು, ಒಳಗೆ ಬರುವ ಸದ್ದಿಗೆ ವರ್ಣಮಾಲೆಯಲ್ಲಿ ಜಾಗವೇ ಇಲ್ಲ. ಭಾಷೆ ಇದಕ್ಕೆ ಒಂದು ದಾರಿ ಕಂಡುಕೊಂಡಿದೆ. ಸದ್ದನ್ನು ಬರೆಯುವ ಬದಲು ಅದಕ್ಕೊಂದು ಕ್ರಿಯಾಪದ ಕಟ್ಟಿಕೊಟ್ಟಿದೆ. ಆ ಹೆಂಗಸು ಲೊಚಗುಟ್ಟಿದಳು. ‘ಗುಟ್ಟು’ ಎಂಬ ಆ ಪುಟ್ಟ ಬಾಲದ ಹಿಂದೆ ಒಂದು ಸಂಸಾರವೇ ಇದೆ: ಪಿಸುಗುಟ್ಟು, ಗೊಣಗುಟ್ಟು, ವಟಗುಟ್ಟು, ಕುಂಯ್‌ಗುಟ್ಟು, ಹೂಂಗುಟ್ಟು.

ಹಾಗಾದರೆ ಯಾವಾಗ ಕ್ರಿಯಾಪದ, ಯಾವಾಗ ಸದ್ದು? ನನ್ನ ತಿಳಿವಳಿಕೆಯಲ್ಲಿ, ಸದ್ದು ದೃಶ್ಯದ ಹಿನ್ನೆಲೆಯಲ್ಲಿ ಇದ್ದರೆ ‘ಲೊಚಗುಟ್ಟಿದಳು’ ಸಾಕು. ಆ ಸದ್ದೇ ದೃಶ್ಯವನ್ನು ತಿರುಗಿಸುವುದಾದರೆ ಅದನ್ನು ಅಕ್ಷರದಲ್ಲಿ ಕೇಳಿಸಲೇಬೇಕು, ಅಕ್ಷರ ಅರ್ಧಂಬರ್ಧ ಸಿಕ್ಕರೂ ಸರಿ. ಜೇಮ್ಸ್ ಜಾಯ್ಸ್ 1922ರ ‘ಯುಲಿಸಿಸ್’ ಕಾದಂಬರಿಯಲ್ಲಿ ಬೆಕ್ಕಿನ ಕೂಗಿಗೆ ಇಂಗ್ಲಿಷಿನ ರೂಢಿಯ ಪದವನ್ನು ಬಿಟ್ಟು ತಾನೇ ಅಕ್ಷರ ಜೋಡಿಸಿದ. ಬೆಳಗ್ಗೆ ಹಾಲಿಗಾಗಿ ಒಡೆಯನ ಕಾಲು ಸುತ್ತುವ ಬೆಕ್ಕಿನ ಹಟ ಏರಿದಂತೆ ಆ ಅಕ್ಷರಗಳೂ ಬದಲಾಗುತ್ತವೆ. ಒಂದೇ ಬೆಕ್ಕು ಒಂದೇ ಬೆಳಗಿನಲ್ಲಿ ಒಂದೇ ಥರ ಕೂಗುವುದಿಲ್ಲ ಎಂಬುದನ್ನು ಅವನು ಗಮನಿಸಿದ್ದ. ‘ಮಿಯಾಂವ್’ ಎಂದು ಬರೆದು ಮುಂದೆ ಹೋಗುವವನಿಗೆ ಬೆಕ್ಕು ಕಂಡಿರುತ್ತದೆ, ಕೇಳಿರುವುದಿಲ್ಲ.

ಮನುಷ್ಯರ ಬಾಯಿಂದ ಹೊರಡುವ ಮಾತಲ್ಲದ ಸದ್ದುಗಳಲ್ಲಿ ನನಗೆ ಅತಿ ಪ್ರಿಯವಾದದ್ದು ‘ಹೂಂ’. ಬಾಯಿ ತೆರೆಯದೆ ಒಪ್ಪಬಹುದಾದ ಪದ ಇದೊಂದೇ. ‘ಹೂಂ’ ಅಂದರೆ ಆಯಿತು, ‘ಹೂಂ?’ ಅಂದರೆ ನಿಜವೇ, ‘ಹೂಂ ಹೂಂ’ ಎಂದು ಬೇಗ ಬೇಗ ಅಂದರೆ ಸಾಕು ನಿಲ್ಲಿಸು, ‘ಹೂಂ…’ ಎಂದು ಎಳೆದರೆ ಮನಸ್ಸಿಲ್ಲದ ಒಪ್ಪಿಗೆ, ‘ಹುಂ!’ ಎಂದು ಮೊಟಕಾದರೆ ಸಿಟ್ಟು. ‘ಉಹೂಂ’ ಎಂಬ ನಿರಾಕರಣೆ ‘ಇಲ್ಲ’ದಷ್ಟು ಗಡುಸಲ್ಲ, ಇನ್ನೊಮ್ಮೆ ಕೇಳಲಿ ಎಂಬ ಆಸೆ ಅದರಲ್ಲಿ ಉಳಿದಿರುತ್ತದೆ. ಹೆಣ್ಣು ನೋಡಲು ಬಂದವರ ಮುಂದೆ ಹುಡುಗಿಯ ಬಾಯಿಂದ ಬಂದ ‘ಹೂಂ’ ಎಂಥದ್ದು ಎಂದು ತಿಳಿಯದ ಕಥೆಗಾರ ಆ ಕಥೆ ಬರೆಯಬಾರದು.

ಅಜ್ಜಿ ಕಥೆ ಹೇಳುವಾಗ ಕೇಳುವ ಮಗು ಹೂಂಗುಟ್ಟಬೇಕಿತ್ತು. ಅದು ಕಥೆಯ ಷರತ್ತು. ‘ಒಂದಾನೊಂದು ಊರಲ್ಲಿ ಒಬ್ಬ ರಾಜ ಇದ್ದ’, ‘ಹೂಂ’. ‘ಅವನಿಗೆ ಏಳು ಜನ ಹೆಂಡರು’, ‘ಹೂಂ’. ಹೂಂ ನಿಂತರೆ ಕಥೆ ಆ ರಾತ್ರಿಗೆ ಅಲ್ಲಿಗೇ. ಮಂಟೇಸ್ವಾಮಿ, ಮಾದೇಶ್ವರನ ಕಾವ್ಯ ಹಾಡುವಾಗಲೂ ಮುಮ್ಮೇಳದವನ ಬೆನ್ನಿಗೆ ಹಿಮ್ಮೇಳದವರು ಸೊಲ್ಲು ಹಿಡಿಯುತ್ತಾರೆ. ಕೇಳುವವರ ಧ್ವನಿ ಕಥೆಯೊಳಗೇ ಇತ್ತು. ಅಚ್ಚಿನ ಕಥೆಗೆ ಬಂದಾಗ ಆ ಧ್ವನಿ ಪುಟದಿಂದ ಹೊರಗೆ ಉಳಿಯಿತು. ಅದರ ಕೊರತೆಯನ್ನು ತುಂಬಲು ಲೇಖಕನಿಗೆ ಉಳಿದ ದಾರಿಯೆಂದರೆ ಪಾತ್ರಗಳೊಳಗೇ ಒಬ್ಬ ಕೇಳುವವನನ್ನು ಇಟ್ಟುಕೊಳ್ಳುವುದು. ನಾಲ್ಕು ಪುಟ ಒಬ್ಬನೇ ಮಾತಾಡುವ ಪಾತ್ರಕ್ಕೆ ಎದುರಿನವನ ಒಂದು ‘ಹೂಂ’ ಸಿಗದಿದ್ದರೆ ಆ ಮಾತು ಭಾಷಣವಾಗಿಬಿಡುತ್ತದೆ.

‘ಆಂ?’ ಎಂಬ ಇನ್ನೊಂದು ಸದ್ದಿದೆ. ಕೇಳಿಸಲಿಲ್ಲ, ಇನ್ನೊಮ್ಮೆ ಹೇಳಿ ಎಂಬ ಅರ್ಥ. ನೆದರ್ಲೆಂಡ್ಸ್‌ನಲ್ಲಿ ಕೆಲಸ ಮಾಡುತ್ತಿದ್ದ ಮಾರ್ಕ್ ಡಿಂಗೆಮಾನ್ಸ್, ಫ್ರಾನ್ಸಿಸ್ಕೊ ಟೊರೈರಾ, ನಿಕ್ ಎನ್‌ಫೀಲ್ಡ್ ಎಂಬ ಮೂವರು 2013ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಒಂದಕ್ಕೊಂದು ನಂಟಿಲ್ಲದ ಭಾಷೆಗಳಲ್ಲೂ ಈ ಕೆಲಸಕ್ಕೆ ಬಳಸುವ ಸದ್ದು ಒಂದನ್ನೊಂದು ಹೋಲುತ್ತದೆ, ಚಿಕ್ಕದು, ನಾಲಗೆಗೆ ಹೆಚ್ಚು ಕೆಲಸವಿಲ್ಲದ್ದು, ಪ್ರಶ್ನೆಯ ಧಾಟಿಯದು ಎಂದು ಅವರು ತೋರಿಸಿದರು. ನಮ್ಮ ‘ಆಂ?’ ಆ ವರ್ಣನೆಗೆ ಚೆನ್ನಾಗಿ ಹೊಂದುತ್ತದೆ. ಆದರೆ ಕಥೆಯಲ್ಲಿ ‘ಆಂ?’ ಬರೀ ಕಿವುಡಿನ ಗುರುತಲ್ಲ. ಸಾಲ ಕೇಳಲು ಬಂದವನ ಎದುರು ಸಾಹುಕಾರ ‘ಆಂ?’ ಅಂದರೆ ಅವನಿಗೆ ಮೊದಲ ಸಲವೇ ಚೆನ್ನಾಗಿ ಕೇಳಿಸಿದೆ. ಇನ್ನೊಮ್ಮೆ ಹೇಳಿಸಿ ಬಡವನನ್ನು ಇನ್ನಷ್ಟು ಕುಗ್ಗಿಸುವುದು ಅವನ ಉದ್ದೇಶ.

ಊರು ಬದಲಾದರೆ ಬಾಯಿಂದ ತಾನಾಗಿ ಬರುವ ಸದ್ದೂ ಬದಲಾಗುತ್ತದೆ. ಧಾರವಾಡದ ಕಡೆ ಎಡವಿದವರು ‘ಯವ್ವಾ’ ಅನ್ನುತ್ತಾರೆ, ಮೈಸೂರು ಸೀಮೆಯಲ್ಲಿ ‘ಅಯ್ಯಯ್ಯಪ್ಪಾ’, ಕುಂದಾಪುರದಲ್ಲಿ ದೂರದವರನ್ನು ಕರೆಯುವುದು ‘ಹ್ವಾಯ್’ ಎಂದು. ಮಲೆನಾಡಿನಲ್ಲಿ ಒಂದು ಗುಡ್ಡದಿಂದ ಇನ್ನೊಂದಕ್ಕೆ ‘ಕೂ’ ಹಾಕುತ್ತಾರೆ. ಹೆಸರು ಹಿಡಿದು ಕರೆದರೆ ಕಾಡಿನಲ್ಲಿ ಅಕ್ಷರಗಳು ಚದುರಿಹೋಗುತ್ತವೆ, ‘ಊ’ಕಾರದ ಎಳೆತ ಮಾತ್ರ ಕಣಿವೆ ದಾಟುತ್ತದೆ. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಓದಿದವರಿಗೆ ಕಾಡಿನ ನಡುವೆ ಚೆದುರಿದ ಮನೆಗಳ ಆ ದೂರ ಮನಸ್ಸಿನಲ್ಲಿ ಉಳಿದಿರುತ್ತದೆ. ‘ಅಯ್ಯೋ’ ಮಾತ್ರ ಎಲ್ಲ ಸೀಮೆಗೂ ಸೇರಿದ್ದು. 2016ರಲ್ಲಿ ಅದನ್ನು ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟೂ ಒಳಗೆ ಸೇರಿಸಿಕೊಂಡಿತು.

ಇನ್ನು ಕೆಮ್ಮು. ಕರೆಗಂಟೆ ಬರುವ ಮುನ್ನ ನಮ್ಮ ಹಳ್ಳಿಮನೆಗಳಲ್ಲಿ ಗಂಡಸರು ಜಗಲಿ ಏರುವಾಗ ಒಮ್ಮೆ ಗಂಟಲು ಸರಿಮಾಡಿಕೊಳ್ಳುತ್ತಿದ್ದರು. ರೋಗವಿಲ್ಲದ ಆ ಕೆಮ್ಮಿಗೆ ಒಳಗೆ ಇಡೀ ಮನೆ ಉತ್ತರಿಸುತ್ತಿತ್ತು. ಸೊಸೆಯ ಸೆರಗು ತಲೆಗೆ ಏರುವುದು, ಹುಡುಗರ ಗಲಾಟೆ ಅಡಗುವುದು, ಅತ್ತೆ ‘ಬಂದ್ರು’ ಎಂದು ತಗ್ಗಿದ ದನಿಯಲ್ಲಿ ಹೇಳುವುದು, ಒಲೆಯ ಮೇಲೆ ಕಾಫಿಯ ಪಾತ್ರೆ ಏರುವುದು. ಮಾವನ ಕೆಮ್ಮು, ಮೈದುನನ ಕೆಮ್ಮು, ಗಂಡನ ಕೆಮ್ಮು ಬೇರೆ ಬೇರೆ ಎಂದು ಸೊಸೆ ಮೊದಲ ತಿಂಗಳಲ್ಲೇ ಕಲಿಯುತ್ತಿದ್ದಳು. ಆ ಮನೆಯ ಅಧಿಕಾರ ಯಾರ ಕೈಯಲ್ಲಿದೆ ಎಂದು ಎರಡು ಪುಟ ವಿವರಿಸುವ ಬದಲು, ಯಾರ ಕೆಮ್ಮಿಗೆ ಯಾರ ನಗು ನಿಂತಿತು ಎಂದು ಬರೆದರೆ ಸಾಕು. ಹೆಂಗಸರು ಹಾಗೆ ಕೆಮ್ಮಿ ಒಳಗೆ ಬರುತ್ತಿರಲಿಲ್ಲ ಎಂಬುದೂ ಕಥೆಯೇ. ಅವರ ಬರುವಿಕೆಯನ್ನು ಬಳೆ ಹೇಳುತ್ತಿತ್ತು, ಬಳೆ ಒಡೆದ ಮೇಲೆ ಅದೂ ಹೇಳುತ್ತಿರಲಿಲ್ಲ.

ಸದ್ದನ್ನು ಕಥೆಯ ನಡುಮನೆಗೇ ತಂದವರು ನಮ್ಮಲ್ಲಿದ್ದಾರೆ. ಶಿವರಾಮ ಕಾರಂತರ ‘ಚೋಮನ ದುಡಿ’ 1933ರದ್ದು. ಬೇಸಾಯ ಮಾಡಬೇಕೆಂಬ ಹಂಬಲ ಜಾತಿಯ ಕಾರಣಕ್ಕೆ ಕೈಗೂಡದ ಚೋಮನಿಗೆ ಧಣಿಯ ಎದುರು ಆಡಲು ಮಾತು ಹೆಚ್ಚಿಲ್ಲ. ಅವನು ದುಡಿ ಬಾರಿಸುತ್ತಾನೆ. ಕುಡಿದು ಬಂದ ಸಂಜೆಯೂ ದುಡಿ, ಹೊಟ್ಟೆ ಉರಿದ ಹೊತ್ತಿಗೂ ದುಡಿ, ಸಾಯುವಾಗಲೂ ದುಡಿ. ಬಿ.ವಿ. ಕಾರಂತರು 1975ರಲ್ಲಿ ಸಿನಿಮಾ ಮಾಡಿದಾಗ ಅವರ ಕೈಯಲ್ಲಿ ನಿಜವಾದ ದುಡಿಯಿತ್ತು. ಕಾದಂಬರಿಕಾರ ಕಾರಂತರ ಕೈಯಲ್ಲಿ ಇದ್ದದ್ದು ಅಕ್ಷರ ಮಾತ್ರ. ಆದರೂ ಓದುವಾಗ ಒಂದೊಂದು ಸಲದ ಬಡಿತ ಒಂದೊಂದು ಥರ ಕೇಳಿಸುತ್ತದೆ. ಕಾರಣ, ಬಡಿತಕ್ಕೆ ಮುಂಚೆ ಏನಾಯಿತು ಎಂಬುದನ್ನು ಅವರು ನಮಗೆ ತೋರಿಸಿದ್ದಾರೆ. ಅಕ್ಷರದ ಸದ್ದಿಗೆ ದನಿ ಬರುವುದು ಹಿಂದಿನ ಪುಟದಿಂದ.

ದೇವನೂರ ಮಹಾದೇವರ ‘ಒಡಲಾಳ’ದಲ್ಲಿ ಸಾಕವ್ವನ ಮನೆಯವರು ರಾತ್ರಿಯೆಲ್ಲ ಕೂತು ಕದ್ದು ತಂದ ಕಡಲೆಕಾಯಿ ತಿನ್ನುವ ಭಾಗವಿದೆ. ಹಸಿದ ಮನೆಯೊಂದು ಹೊಟ್ಟೆ ತುಂಬ ತಿನ್ನುವ ಸಂಭ್ರಮ ಅದು. ಆ ಪುಟಗಳನ್ನು ಓದಿದ ಮೇಲೆ ಸಿಪ್ಪೆ ಒಡೆಯುವ ಸದ್ದು ನನ್ನ ಕಿವಿಯಲ್ಲಿ ಬೇರೆಯೇ ಆಗಿದೆ. ಅದು ಕಳ್ಳತನದ ಸದ್ದೂ ಹೌದು, ಹಬ್ಬದ ಸದ್ದೂ ಹೌದು. ಆ ಮನೆಯಲ್ಲಿ ಎರಡೂ ಒಂದೇ ರಾತ್ರಿ ಬಂದಿವೆ. ಬಡತನದ ಬಗ್ಗೆ ಒಂದು ವಾಕ್ಯವನ್ನೂ ಹೇಳದೆ ಇಷ್ಟು ಕೇಳಿಸಬಹುದು ಎಂದು ತೋರಿಸಿದ ಬರವಣಿಗೆ ಅದು.

ವಿವೇಕ ಶಾನಭಾಗರ ‘ಘಾಚರ್ ಘೋಚರ್’ ಕಾದಂಬರಿಯ ಹೆಸರೇ ಒಂದು ಸದ್ದು. ಯಾವ ನಿಘಂಟಿನಲ್ಲೂ ಇಲ್ಲದ ಪದ. ಒಂದು ಮನೆಯ ಮಕ್ಕಳು ಗಾಳಿಪಟದ ದಾರ ಸಿಕ್ಕುಗಟ್ಟಿದಾಗ ಕಟ್ಟಿಕೊಂಡದ್ದು. ಆ ಮನೆಯ ಮಗಳು ಮದುವೆಯಾದ ಹೊಸದರಲ್ಲಿ ಅದನ್ನು ಗಂಡನ ಮುಂದೆ ಆಡುತ್ತಾಳೆ, ಅವನಿಗೂ ಅದು ಬಂದುಬಿಡುತ್ತದೆ. ಅರ್ಥ ಹೇಳುವ ಮೊದಲೇ ಅದು ಓದುಗನಿಗೆ ಗೊತ್ತಾಗಿರುತ್ತದೆ, ‘ಘ’ಕಾರದಲ್ಲೇ ಗಂಟು ಬಿದ್ದಿದೆ. ಪ್ರತಿ ಮನೆಗೂ ಇಂಥ ನಾಲ್ಕಾರು ಪದ ಇರುತ್ತವೆ, ಹೊರಗಿನವರಿಗೆ ಅವು ಬರೀ ಗದ್ದಲ. ಶ್ರೀನಾಥ ಪೆರೂರ್ ಇಂಗ್ಲಿಷಿಗೆ ತಂದಾಗ ಹೆಸರನ್ನು ಹಾಗೆಯೇ ಉಳಿಸಿದರು. ಅದು ಸರಿಯಾದ ತೀರ್ಮಾನ.

‘ಘ’ದ ಮಾತು ಬಂದದ್ದರಿಂದ ಒಂದು ವಿಷಯ. ಭಾಷಾವಿಜ್ಞಾನಿ ಡಿ.ಎನ್. ಶಂಕರ ಭಟ್ಟರು ಕನ್ನಡದ ಬರಹಕ್ಕೆ ಮಹಾಪ್ರಾಣಗಳು ಬೇಕಿಲ್ಲ ಎಂದು ವಾದಿಸಿದವರು, ತಮ್ಮ ಪುಸ್ತಕಗಳನ್ನು ಹಾಗೆಯೇ ಬರೆದವರು. ದಿನದ ಮಾತಿನಲ್ಲಿ ನಮ್ಮಲ್ಲಿ ಹೆಚ್ಚಿನವರು ಆ ಅಕ್ಷರಗಳನ್ನು ಉಚ್ಚರಿಸುವುದಿಲ್ಲ ಎಂಬುದು ನಿಜ. ಆದರೆ ಸದ್ದಿನ ಪದಗಳಲ್ಲಿ ನನಗೆ ಅವು ಬೇಕು. ಭೋರ್ಗರೆ, ಧಗಧಗ, ಘಮಘಮ, ಝಲ್, ಢಮಾರ್, ಫಳಾರ್. ಇವುಗಳನ್ನು ಅಲ್ಪಪ್ರಾಣದಲ್ಲಿ ಬರೆದರೆ ಜಲಪಾತ ನಲ್ಲಿಯಾಗುತ್ತದೆ. ‘ಧರ್ಮ’ವನ್ನು ‘ದರ್ಮ’ ಎನ್ನುವ ಬಾಯಿಯೂ ಬೆಂಕಿಯ ಎದುರು ನಿಂತಾಗ ಎದೆಯಿಂದ ಉಸಿರು ತಂದು ‘ಧಗ್’ ಅಂದದ್ದನ್ನು ಕೇಳಿದ್ದೇನೆ.

ಅಮೆರಿಕದ ಕಾದಂಬರಿಕಾರ ಎಲ್ಮೋರ್ ಲೆನರ್ಡ್ 2001ರಲ್ಲಿ ಬರೆಯುವವರಿಗಾಗಿ ಹತ್ತು ನಿಯಮ ಪ್ರಕಟಿಸಿದ. ಸಂಭಾಷಣೆಯ ಕೊನೆಗೆ ‘ಅಂದ’ ಎಂಬುದರ ಹೊರತು ಬೇರೆ ಕ್ರಿಯಾಪದ ಬೇಡ ಎಂಬುದು ಅವುಗಳಲ್ಲಿ ಒಂದು. ಇದನ್ನು ನಮ್ಮಲ್ಲೂ ಕಥಾಕಮ್ಮಟಗಳಲ್ಲಿ ಹೇಳಿಕೊಡುತ್ತಾರೆ. ‘ಗುಡುಗಿದ’, ‘ಉಸುರಿದಳು’, ‘ಅಬ್ಬರಿಸಿದ’ಗಳ ಹಾವಳಿ ನೋಡಿದರೆ ಅರ್ಧ ಒಪ್ಪುತ್ತೇನೆ. ಪ್ರತಿ ಸಾಲಿನಲ್ಲೂ ಗುಡುಗುವವನ ಗುಡುಗು ಯಾರಿಗೂ ಕೇಳಿಸುವುದಿಲ್ಲ. ಆದರೆ ‘ಗೊಣಗಿದಳು’ ಎಂಬುದನ್ನು ತೆಗೆದು ‘ಅಂದಳು’ ಎಂದು ಹಾಕಿದರೆ ಮಾತು ಯಾರಿಗೆ ಕೇಳಲಿ ಎಂದು ಆಡಿದ್ದು ಎಂಬುದೇ ಹೋಗುತ್ತದೆ. ಗೊಣಗುವವರು ಎದುರಿನವರಿಗೆ ಅರ್ಧ ಕೇಳಿಸಲಿ, ಅರ್ಧ ಕೇಳಿಸದಿರಲಿ ಎಂದು ಲೆಕ್ಕ ಹಾಕಿ ದನಿ ಹಿಡಿಯುತ್ತಾರೆ. ಕೂಡುಕುಟುಂಬದಲ್ಲಿ ಎದುರು ಮಾತಾಡುವ ಹಕ್ಕಿಲ್ಲದ ಸೊಸೆಗೆ ಉಳಿದಿದ್ದ ಮಾತು ಅದೊಂದೇ. ಅಂಥ ಪದವನ್ನು ಯಾವ ನಿಯಮಕ್ಕೂ ಬಿಟ್ಟುಕೊಡಬಾರದು.

ಪಿಸ್ತೂಲಿನ ‘ಢಂ’, ಹೊಡೆದಾಟದ ‘ಢಿಶುಂ’ ಇವುಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಯಾವ ಮುಷ್ಟಿಯೂ ಯಾವ ದವಡೆಯ ಮೇಲೂ ‘ಢಿಶುಂ’ ಅಂದಿಲ್ಲ. ಅದು ಸಿನಿಮಾದಿಂದ ಬಂದದ್ದು, ಮಕ್ಕಳ ಆಟದಲ್ಲಿ ಚೆನ್ನಾಗಿ ಒಗ್ಗಿದೆ, ಅಲ್ಲೇ ಇರಲಿ.

ಈಗ ಹೊಸ ಕಥೆಗಾರರ ಪುಟಗಳಲ್ಲಿ ಇನ್ನೊಂದು ಸದ್ದು ಕಾಣಿಸಿಕೊಂಡಿದೆ. ಫೋನಿನ ಸಂದೇಶಗಳಲ್ಲಿ ಬರುವ ‘ಹ್ಮ್’. ಅಜ್ಜಿಯ ಕಥೆಗೆ ಮಗು ಹೂಂಗುಟ್ಟಿದ ಸದ್ದಿನ ನಂಟೇ ಅದು, ಬೆರಳಿನಿಂದ ಹೊರಡುತ್ತದೆ ಅಷ್ಟೆ. ಒಂದು ಮಕಾರವಾದರೆ ಓದಿದೆ ಎಂದು. ಎರಡು ಮೂರಾದರೆ ಯೋಚಿಸುತ್ತಿದ್ದೇನೆ ಎಂದು. ‘ಹ್ಮ್ಮ್ಮ್ಮ್’ ಎಂದು ಉದ್ದಕ್ಕೆ ಬಂದರೆ ಬೇಸರವೂ ಇರಬಹುದು, ಮುದ್ದೂ ಇರಬಹುದು. ಕಲಬುರಗಿಗೆ ವರ್ಗವಾಗಿದೆ, ಹೋಗಬೇಕೆಂದು ತೀರ್ಮಾನಿಸಿದ್ದೇನೆ, ಮಗನ ಶಾಲೆಯದು ನೀವೇ ನೋಡಿಕೊಳ್ಳಬೇಕು ಎಂದು ಹೆಂಡತಿ ಹತ್ತು ಸಾಲು ಬರೆದು ಕಳಿಸಿದ್ದಾಳೆ ಎಂದಿಟ್ಟುಕೊಳ್ಳಿ. ಗಂಡನಿಂದ ಬಂದದ್ದು ಒಂದು ‘ಹ್ಮ್’. ಅದರಲ್ಲಿ ಎಷ್ಟು ಮಕಾರ ಇರಬೇಕು ಎಂದು ತೀರ್ಮಾನಿಸಲು ಬರೆಯುವವನಿಗೆ ಆ ಮದುವೆಯ ಹನ್ನೆರಡು ವರ್ಷವೂ ಗೊತ್ತಿರಬೇಕು.